ಅಪ್ಪನ ಕಣ್ಣು, ಮಿಲೋನ ಕಣ್ಣು

ಪ್ರೀತಿಯ ಅಕ್ಕನಿಗೆ,

ಉಭಯ ಕುಶಲೋಪರಿ. ನಾವು ಮೂವರೂ ಚೆನ್ನಾಗಿದ್ದೇವೆ. ಅಮ್ಮನಿಗೆ, ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಪತ್ರವನ್ನು ನಿನ್ನೆ ಸಂಜೆ ಓದಿದೆ, ರಾತ್ರಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಮಾತನಾಡೋಣವೆಂದರೆ ಅಪ್ಪ ಪಕ್ಕದಲ್ಲೇ ಕುಳಿತಿರುತ್ತಾರೆ, ನೀನು ಎಲ್ಲದಕ್ಕೂ "ಹೂಂ, ಹೂಂ" ಎನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೆ ಓದಿ ಹೇಳುವಾಗ ಎಲ್ಲೆಲ್ಲಿ ಬಿಡಬೇಕು ಎಂಬುದು ನಿನಗೇ ತಿಳಿಯುತ್ತದೆ.

ಅವರ ಕಣ್ಣಿನ ಪೊರೆಯ ಆಪರೇಷನ್ ಮುಂದಕ್ಕೆ ಹಾಕುವ ಮಾತೇ ಬೇಡ. ಹಣ ಇದೆ. ಬೇಕಾದಷ್ಟಿದೆ. "ಅವನು ನಾಯಿಗೆ ಸುರಿದು ಕುಳಿತಿದ್ದಾನೆ, ಈಗ ಅವನನ್ನು ಕೇಳಬೇಡ" ಎಂದು ಅವರು ಹೇಳಿದರೆಂದು ಬರೆದಿದ್ದೀಯ. ಅದನ್ನು ನೀನು ಬರೆಯದಿದ್ದರೆ ಚೆನ್ನಾಗಿತ್ತು ಅನಿಸಿತು, ಆಮೇಲೆ ಬರೆದದ್ದೇ ಒಳ್ಳೆಯದಾಯಿತು ಅನಿಸಿತು. ಪುಟ್ಟಿಯನ್ನು ಬೈಯಬೇಡ. "ತಾತ, ನಿಮಗಿರುವ ಕಾಯಿಲೆಯೇ ಮಿಲೋಗೂ ಇತ್ತು, ಈಗ ವಾಸಿಯಾಯಿತು" ಎಂದು ಧೈರ್ಯ ಹೇಳಲು ಹೋದಳು. ಎಷ್ಟಾಯಿತು ಎಂದು ಅಪ್ಪ ಕೇಳಿದರು, ನಾಲ್ಕು ಸಾವಿರ ಡಾಲರ್ ಎಂದು ಅದನ್ನೂ ಹೇಳಿಬಿಟ್ಟಳು. ನಾನು ಒಳಗಿನಿಂದ ಓಡಿಬರುವಷ್ಟರಲ್ಲಿ ಅಪ್ಪ ಮಳೆಯ ವಿಷಯ ಮಾತನಾಡುತ್ತಿದ್ದರು.

ನಾಯಿಗೂ ಪೊರೆ ಬರುತ್ತದೆಯೇ ಎಂದು ಕೇಳಿದ್ದೀಯ. ಬರುತ್ತದೆ. ಮಿಲೋ ಕಾಕರ್ ಸ್ಪ್ಯಾನಿಯಲ್ ಜಾತಿಯವನು, ಆ ವಂಶಕ್ಕೇ ಇದು ಅಂಟಿಕೊಂಡು ಬಂದ ರೋಗ. ನೋಡಲು ಚೆಂದವಿರಲಿ ಎಂದು ಹತ್ತಿರದ ಸಂಬಂಧದೊಳಗೇ ಮರಿ ಹಾಕಿಸುತ್ತಾ ಹೋದರೆ ಚೆಂದದ ಜೊತೆಗೆ ರೋಗವೂ ಇಳಿದು ಬರುತ್ತದೆ. ಆಪರೇಷನ್ ಮನುಷ್ಯರಿಗೆ ಮಾಡುವಂಥದ್ದೇ: ಶಬ್ದಾತೀತ ತರಂಗದಿಂದ ಪೊರೆಯನ್ನು ಪುಡಿ ಮಾಡಿ, ಹೀರಿ ತೆಗೆದು, ಕೃತಕ ಮಸೂರ ಕೂರಿಸುತ್ತಾರೆ. ಕೆರೆದುಕೊಳ್ಳಬೇಡ ಎಂದರೆ ನಾಯಿ ಕೇಳುತ್ತದೆಯೇ? ಕೊರಳಿಗೆ ಎಣ್ಣೆ ಹೊಯ್ಯುವ ಆಲಿಕೆಯಂಥ ಪ್ಲಾಸ್ಟಿಕ್ ಕಟ್ಟಿ ಕಳುಹಿಸಿದ್ದಾರೆ. ಬಾಗಿಲು ದಾಟುವಾಗ ಅದು ಚೌಕಟ್ಟಿಗೆ ಟಕ್ಕೆಂದು ಬಡಿಯುತ್ತದೆ. ಮಿಲೋ ಎರಡು ಹೆಜ್ಜೆ ಹಿಂದೆ ಸರಿದು, ಬಾಗಿಲನ್ನು ನಾವೇ ಕಿರಿದು ಮಾಡಿದ್ದೇವೆ ಎಂಬಂತೆ ನಮ್ಮ ಮುಖ ನೋಡುತ್ತಾನೆ.

ವಿಮೆ ಇರಲಿಲ್ಲವೇ ಎಂದು ಭಾವ ಖಂಡಿತ ಕೇಳುತ್ತಾರೆ. ಇತ್ತು. ಪಾಲಿಸಿಗೆ ಮೊದಲೇ ಕಣ್ಣಿನಲ್ಲಿ ಮಸುಕಿತ್ತು ಎಂದು ಹಳೆಯ ಚೀಟಿಯೊಂದನ್ನು ಹುಡುಕಿ ತೆಗೆದು ಕೈ ತೊಳೆದುಕೊಂಡರು.

ಆಪರೇಷನ್ ಮಾಡಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ ಅಕ್ಕ, ಕೋಪ ಮಾಡಿಕೊಳ್ಳಬೇಡ. ಕರಿಯನ ಕಾಲು ಮುರಿದಾಗ ಅಪ್ಪ ಬಿದಿರಿನ ಸೀಳು ಕಟ್ಟಿ, ರಾತ್ರಿಯೆಲ್ಲ ಜಗಲಿಯಲ್ಲಿ ಅದರ ಪಕ್ಕ ಮಲಗಿರಲಿಲ್ಲವೇ? ನನಗೆ ನಾಚಿಕೆಯಾಗಿರುವುದು ಬೇರೆಯದಕ್ಕೆ. ನಿನ್ನೆ ನಿದ್ದೆ ಬಾರದೆ ಒಂದು ವರ್ಷದ ಕಾರ್ಡಿನ ಲೆಕ್ಕ ತೆಗೆದು ಕೂಡಿಸಿದೆ. ಕೂದಲು ಕತ್ತರಿಸಿದ್ದು, ತಿಂಗಳು ತಿಂಗಳು ಅಂಚೆಯಲ್ಲಿ ಬರುವ ಆಟಿಕೆಯ ಡಬ್ಬ, ಹುಟ್ಟುಹಬ್ಬದ ಟೊಪ್ಪಿಗೆ (ನಿನ್ನ ಹೊಟ್ಟೆ ಉರಿಸಿದ ಆ ಫೋಟೋದ್ದು), ನಾವು ಕೆಲಸಕ್ಕೆ ಹೋದಾಗ ಬಿಡುವ ನಾಯಿಗಳ ಶಿಶುವಿಹಾರ. ಎಲ್ಲ ಸೇರಿ ಆಪರೇಷನ್ನಿನ ಖರ್ಚನ್ನು ದಾಟಿತು! ಆ ಶಿಶುವಿಹಾರದಿಂದ ದಿನವೂ ಸಂಜೆ ಪ್ರಗತಿಪತ್ರ ಬರುತ್ತದೆ: "ಮಿಲೋ ಇಂದು ಬೆಳಿಗ್ಗೆ ಸ್ವಲ್ಪ ನಾಚಿಕೊಂಡಿದ್ದ, ಮಧ್ಯಾಹ್ನ ಇಬ್ಬರು ಗೆಳೆಯರ ಜೊತೆ ಆಡಿದ." ಕೆಳಗೆ ಅವನ ಪಾದದ ಸಹಿ. ಸುಮಾ ಮೊದಮೊದಲು ಎಲ್ಲವನ್ನೂ ಜೋಪಾನವಾಗಿ ಎತ್ತಿಡುತ್ತಿದ್ದಳು. ಒಂದು ದಿನ ಪಕ್ಕದ ಮನೆಯ ನಾಯಿಯ ಪತ್ರ ನೋಡಿದೆವು. ಅದೇ ಪಾದ, ಅದೇ ನಾಚಿಕೆ, ಅದೇ ಇಬ್ಬರು ಗೆಳೆಯರು.

ನಾನೊಬ್ಬನೇ ಹುಚ್ಚನಲ್ಲ ಎನ್ನಲು ಇಷ್ಟು ಹೇಳುತ್ತೇನೆ. ಸಾಕುಪ್ರಾಣಿಗಳ ಮೇಲೆ ಅಮೆರಿಕದವರ ಖರ್ಚು 2024ರಲ್ಲಿ ಹದಿನೈದು ಸಾವಿರ ಕೋಟಿ ಡಾಲರ್ ದಾಟಿತು. ಚಾಕೊಲೇಟ್ ಮಾಡುವ ಮಾರ್ಸ್ ಕಂಪನಿ ಇದೆಯಲ್ಲ, ಪೆಡಿಗ್ರೀ ನಾಯಿ ಆಹಾರವೂ ಅವರದೇ. 2017ರಲ್ಲಿ ಸುಮಾರು 910 ಕೋಟಿ ಡಾಲರ್ ಕೊಟ್ಟು ವಿಸಿಎ ಎಂಬ ಪ್ರಾಣಿ ಆಸ್ಪತ್ರೆಗಳ ಸರಣಿಯನ್ನೇ ಕೊಂಡರು. ನಾಯಿಗೆ ಚಾಕೊಲೇಟ್ ವಿಷ ಎಂಬುದು ನಿನಗೆ ಗೊತ್ತಿರಬಹುದು. (ನಾವು ಮಿಲೋನನ್ನು ತೋರಿಸಿದ್ದು ಬೇರೆ ಕಡೆ.)

ನ್ಯೂಯಾರ್ಕಿನ ಹೋಟೆಲ್ ಒಡತಿ ಲಿಯೋನಾ ಹೆಲ್ಮ್ಸ್ಲಿ 2007ರಲ್ಲಿ ತೀರಿಕೊಂಡಾಗ ತನ್ನ ಜೂಲು ನಾಯಿಗೆ 1.2 ಕೋಟಿ ಡಾಲರ್ ಉಯಿಲು ಬರೆದಿಟ್ಟಿದ್ದಳು. ನಾಯಿಯ ಹೆಸರು ಟ್ರಬಲ್! ಕೊನೆಗೆ ನ್ಯಾಯಾಧೀಶರು ಅದನ್ನು 20 ಲಕ್ಷಕ್ಕೆ ಇಳಿಸಿದರು. ಇಬ್ಬರು ಮೊಮ್ಮಕ್ಕಳಿಗೆ ಆಕೆ ಚಿಕ್ಕಾಸೂ ಬಿಟ್ಟಿರಲಿಲ್ಲ. ಅವಳ ಮುಂದೆ ನಾನು ಸಂನ್ಯಾಸಿ ಎಂದು ಬರೆಯಲು ಹೊರಟಿದ್ದೆ. ಈಗ ಓದಿದರೆ ಚೆನ್ನಾಗಿ ಕಾಣುತ್ತಿಲ್ಲ. ಅಪ್ಪನಿಗೆ ಇದನ್ನು ಓದಬೇಡ.

ಬದಲಿಗೆ ಇದನ್ನು ಓದು, ನಗುತ್ತಾರೆ. 1975ರಲ್ಲಿ ಕ್ಯಾಲಿಫೋರ್ನಿಯಾದ ಗ್ಯಾರಿ ಡಾಲ್ ಎಂಬಾತ ಬೆಣಚುಕಲ್ಲುಗಳನ್ನು ಹುಲ್ಲು ಹಾಸಿದ ರಟ್ಟಿನ ಡಬ್ಬಿಯಲ್ಲಿಟ್ಟು ಸಾಕುಪ್ರಾಣಿ ಎಂದು ಮಾರಿದ. ಡಬ್ಬಿಗೆ ಉಸಿರಾಡಲು ತೂತು, ಜೊತೆಗೆ ಕಲ್ಲನ್ನು ಸಾಕುವುದು ಹೇಗೆಂದು ಕೈಪಿಡಿ. ಜನ ಮುಗಿಬಿದ್ದು ಕೊಂಡರು.

ಹಣ ನಿನ್ನ ಖಾತೆಗೆ ಹಾಕಿದ್ದೇನೆ. ಅಪ್ಪನ ಖಾತೆಗೆ ಹಾಕಿದರೆ ಅವರು ಮುಟ್ಟುವುದಿಲ್ಲ. ಎರಡೂ ಕಣ್ಣಿಗೆ ಸಾಕು, ಒಳ್ಳೆಯ ಮಸೂರವನ್ನೇ ಹಾಕಿಸು. ನನಗೆ ಏನೂ ತೊಂದರೆಯಿಲ್ಲ. ನಿಜವಾಗಿಯೂ ಇಲ್ಲ. ಕಚೇರಿಯಲ್ಲಿ ಕೆಲವರನ್ನು ತೆಗೆದರೆಂದು ಸುಮಾ ನಿನಗೆ ಹೇಳಿದ್ದರೆ, ಅದು ಬೇರೆ ವಿಭಾಗ. ನಮಗೂ ಅವರಿಗೂ ಸಂಬಂಧವೇ ಇಲ್ಲ, ಮಹಡಿ ಒಂದೇ ಅಷ್ಟೇ. ಶಿಶುವಿಹಾರವನ್ನು ಮುಂದಿನ ತಿಂಗಳಿನಿಂದ ನಿಲ್ಲಿಸುತ್ತಿದ್ದೇವೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಪರೇಷನ್ ಆದ ಮೇಲೆ ಅಪ್ಪನಿಗೆ ಹನಿ ಹಾಕುವವಳು ನೀನೇ ತಾನೇ? ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಹಾಕು, ಸೀಸೆಯ ತುದಿ ಕಣ್ಣಿಗೆ ತಾಗಬಾರದು. ಎರಡು ಬೇರೆ ಬೇರೆ ಔಷಧಿ ಕೊಟ್ಟಿದ್ದರೆ ನಡುವೆ ಐದು ನಿಮಿಷ ಬಿಡು, ಇಲ್ಲವಾದರೆ ಮೊದಲಿನದು ತೊಳೆದುಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಹಾಕಿ ಹಾಕಿ ನನಗೆ ಕೈ ಕುದುರಿದೆ. ಕೆರೆದುಕೊಳ್ಳದಂತೆ ನೋಡಿಕೋ, ಅವರೂ ಹೇಳಿದ ಮಾತು ಕೇಳುವವರಲ್ಲ.

ಅಲಾರಂ ಹೊಡೆಯುತ್ತಿದೆ, ಮಿಲೋ ಆಗಲೇ ಮೇಜಿನ ಕೆಳಗೆ ಸೇರಿಕೊಂಡ. ದಿನ ಗೊತ್ತಾದ ತಕ್ಷಣ ತಿಳಿಸು.

ಅವಸರದಲ್ಲಿ,
ನಿನ್ನ ತಮ್ಮ,
ರಘು