ಅಟ್ಟದ ಮೇಲಿನ ಕೊಳಗ

ಕೊಪ್ಪ, ಚಿಕ್ಕಮಗಳೂರು ಜಿಲ್ಲೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಹಬ್ಬಕ್ಕೆ ಬಂದಿದ್ದಾಗ ಅಟ್ಟದ ಮೇಲಿನ ಕೊಳಗವನ್ನು ಕಂಡು, ಬೆಂಗಳೂರಿನ ಮನೆಯಲ್ಲಿ ಹೂಗಿಡ ಇಡಲು ಬೇಕೆಂದು ಕೇಳಿದ್ದೆ. ಅದೇ ರಾತ್ರಿ ಊಟಕ್ಕೆ ಕುಳಿತಾಗ, ಎಲ್ಲರೂ ಪಕ್ಷ ಹೇಳಿದಂತೆ ಕೈಯೆತ್ತುವ ಸದನದಲ್ಲಿ ಒಬ್ಬ ಶಾಸಕನಿಂದ ಏನಾದೀತು ಎಂದೂ ಕೇಳಿದೆ. ಎರಡಕ್ಕೂ ಒಂದೇ ಉತ್ತರವಿದೆ.

ಆ ಕೊಳಗ ಮೊದಲು ನಮ್ಮದಾಗಿರಲಿಲ್ಲ. ಗದ್ದೆಯ ಒಡೆಯರ ಅಂಗಳದಲ್ಲಿ ಗೇಣಿ ಭತ್ತ ಅಳೆಯುತ್ತಿದ್ದ ಕೊಳಗ ಅದು. ಗೇಣಿ ನಿಂತ ಮೇಲೆ ನಿನ್ನ ಅಜ್ಜಯ್ಯ ಕೇಳಿ ತಂದುಕೊಂಡು, ಸೇರಿನಿಂದ ಭತ್ತ ಅಳೆದು ತುಂಬಿ, ನ್ಯಾಯವಾಗಿ ಎಲ್ಲಿಗೆ ನಿಲ್ಲಬೇಕಿತ್ತೋ ಅಲ್ಲಿ ಮೊಳೆಯಿಂದ ಒಂದು ಗೆರೆ ಗೀರಿದರು. ಆ ಗೆರೆಯಿಂದ ಕೊಳಗದ ಬಾಯಿಗೆ ಎರಡು ಬೆರಳು ಅಂತರವಿದೆ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ತಿರುಗಿಬಿದ್ದದ್ದೂ ಇಂಥದೇ ಕೊಳಗದ ಅಳತೆಗಾಗಿ. ಆ ಸತ್ಯಾಗ್ರಹದ ಜೊತೆ ನಿಂತವರು ತೀರ್ಥಹಳ್ಳಿ ಕಡೆಯ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡಿದ್ದ ಅವರು, ಇನ್ನೂ 30 ತುಂಬುವ ಮೊದಲೇ, 1952ರ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದರು. ಸದನದ ತುಂಬ ಕಾಂಗ್ರೆಸ್ಸಿನವರಿದ್ದರು, ಸಮಾಜವಾದಿಗಳು ಬೆರಳೆಣಿಕೆಯಷ್ಟು. ಉಳುವವನೇ ಹೊಲದೊಡೆಯನಾಗಬೇಕೆಂಬ ಮಾತನ್ನು ಅವರು ಅಲ್ಲಿ ಕೈಬಿಡಲಿಲ್ಲ. 1957ರಲ್ಲಿ ಸೋತರು. ಆಳುವ ಪಕ್ಷದ ಬಾಗಿಲು ತಟ್ಟಲು ಅದಕ್ಕಿಂತ ಸುಲಭವಾದ ನೆಪ ಬೇರೊಂದಿರಲಿಲ್ಲ, ಆದರೂ ಅವರು ಹೋಗಲಿಲ್ಲ. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯ ಜನ ಮತ್ತೆ ಅವರನ್ನೇ ಕಳುಹಿಸಿದರು. ಶಾಸಕನ ಸ್ವಾತಂತ್ರ್ಯ ತಿಳಿಯುವುದು ಗೆದ್ದಾಗಲ್ಲ, ಹೀಗೆ ಸೋತು ಮನೆಯಲ್ಲಿ ಕುಳಿತ ಐದು ವರ್ಷಗಳಲ್ಲಿ ಎಂದು ನಾನು ನಂಬಿದ್ದೇನೆ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬೇಕೆಂದು ವಾದಿಸಿದವರಲ್ಲಿ ಅವರೂ ಒಬ್ಬರು. 1972ರ ಜೂನ್ ತಿಂಗಳಲ್ಲಿ, 49ನೇ ವಯಸ್ಸಿಗೆ, ಅವರು ತೀರಿಕೊಂಡರು. ಹೆಸರು ಬಂದದ್ದು 1973ರ ನವೆಂಬರ್ 1ರಂದು. ಗೇಣಿ ಪದ್ಧತಿಯನ್ನು ತೆಗೆದುಹಾಕಿದ ಭೂಸುಧಾರಣಾ ತಿದ್ದುಪಡಿ, ದೇವರಾಜ ಅರಸರ ಕಾಲದಲ್ಲಿ, ಜಾರಿಯಾದದ್ದು 1974ರ ಮಾರ್ಚ್ 1ರಂದು. ಎರಡನ್ನೂ ಅವರು ನೋಡಲಿಲ್ಲ ಎಂಬುದು ನನಗೆ ಇಂದಿಗೂ ಸಂಕಟ. ಅಜ್ಜಯ್ಯ ತಾನೇ ಆ ಗದ್ದೆಯ ಗೇಣಿದಾರನೆಂದು ಡಿಕ್ಲರೇಷನ್ ಅರ್ಜಿ ಕೊಟ್ಟು ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಕೊಂಡದ್ದು ಆ ಕಾಯಿದೆಯಿಂದ. ನಿನ್ನ ಓದು ನಡೆದದ್ದು ಆ ಗದ್ದೆಯ ಹುಟ್ಟುವಳಿಯಿಂದ.

ಕೊಳಗವನ್ನು ಮುಂದಿನ ವಾರ ಬಸ್ಸಿನಲ್ಲಿ ಕಳುಹಿಸುತ್ತೇನೆ. ಗಿಡ ಇಡುವುದಾದರೆ ಇಡು. ಒಳಗೆ ಮಣ್ಣು ಮಾತ್ರ ತುಂಬಬೇಡ, ಗೆರೆ ಅಳಿಸಿಹೋಗುತ್ತದೆ.

ನಿನ್ನ ಅಪ್ಪ