ಗಪ್ಪಿಯ ಬಣ್ಣ ಮಾಸಿದ್ದೇಕೆ? ಎರಡು ತಲೆಮಾರು ಸಾಕಿ ನೋಡಿ

ಮಾನ್ಯ ಸಂಪಾದಕರೇ,

ಅಂಗಡಿಯಿಂದ ತಂದ ಬಣ್ಣದ ಗಪ್ಪಿಗಳನ್ನು ಅಡಿಕೆ ತೋಟದ ಸಿಮೆಂಟ್ ತೊಟ್ಟಿಗೆ ಬಿಟ್ಟರೆ, ಕೆಲವೇ ವರ್ಷಗಳಲ್ಲಿ ಬೀಸಣಿಗೆಯಂಥ ಬಾಲ ಹೋಗಿ, ಬೂದು ಮೈಯ ಸಣ್ಣ ಮೀನುಗಳು ಉಳಿಯುತ್ತವೆ. ಶಿರಸಿಯಿಂದ ಕಾರವಾರದವರೆಗೆ ಅಕ್ವೇರಿಯಂ ಇಟ್ಟವರಲ್ಲಿ ಇದೇ ಜಗಳ. ಕಣ್ಣೆದುರೇ ವಿಕಾಸ ನಡೆಯಿತು ಎನ್ನುವವರು ಕೆಲವರು. ತಳಿ ಕೆಟ್ಟಿತು ಅಷ್ಟೇ, ಗಪ್ಪಿ ಗಪ್ಪಿಯಾಗಿಯೇ ಇದೆಯಲ್ಲ ಎನ್ನುವವರು ಉಳಿದವರು. ಇಬ್ಬರೂ ತೊಟ್ಟಿ ಇಣುಕಿದ್ದಷ್ಟೇ, ಪರೀಕ್ಷೆ ಮಾಡಿಲ್ಲ.

ಬಣ್ಣ ಮಾಸಲು ಕಾರಣ ಒಂದೇ ಇರಬೇಕಿಲ್ಲ. ಮಿಂಚುಳ್ಳಿ, ನೀರುಹಾವು, ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳ ಬಾಯಿಗೆ ಮೊದಲು ಸಿಗುವುದು ಎದ್ದು ಕಾಣುವ, ಬಾಲದ ಭಾರಕ್ಕೆ ನಿಧಾನವಾದ ಮೀನು. ಉಳಿದವುಗಳ ಮರಿಗಳೇ ತೊಟ್ಟಿ ತುಂಬುತ್ತವೆ. ಇದು ನೈಸರ್ಗಿಕ ಆಯ್ಕೆ. ಆದರೆ ಅಂಗಡಿಯ ತಳಿ ನಿಂತಿರುವುದೇ ಸಾಕುವವನು ಪ್ರತಿ ತಲೆಮಾರಿನಲ್ಲೂ ಆರಿಸಿ ಬೇರ್ಪಡಿಸುವುದರಿಂದ. ಆ ಕೈ ಬಿಟ್ಟು ತಳಿಗಳು ಬೆರೆತರೆ ಹಕ್ಕಿ ಹಾವು ಇಲ್ಲದೆಯೂ ಬಾಲ ಮೊಟಕಾಗುತ್ತದೆ. ಇನ್ನು ಕಿತ್ತಳೆ ಬಣ್ಣ ಕೊಡುವ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯ ಮೀನಿನ ಮೈಯಲ್ಲಿ ತಯಾರಾಗುವುದಿಲ್ಲ, ಆಹಾರದಿಂದಲೇ ಬರಬೇಕು. ತೋಟದ ನೆರಳಿನಲ್ಲಿ ಪಾಚಿ ಕಡಿಮೆಯಾದರೆ ಬಣ್ಣ ಪೇಲವ. ಈ ಪೇಲವತನ ಹುಟ್ಟುಗುಣವಾಗಿ ಮರಿಗಳಿಗೆ ದಾಟುವುದಿಲ್ಲ, ಆದ್ದರಿಂದ ಇದು ವಿಕಾಸವಲ್ಲ.

ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಹೊಳೆಗಳಲ್ಲಿ ಜೀವವಿಜ್ಞಾನಿ ಜಾನ್ ಎಂಡ್ಲರ್ ಇದನ್ನೇ ಬಿಡಿಸಿ ನೋಡಿದರು (ಅಂಗಡಿಯ ‘ಎಂಡ್ಲರ್’ ಮೀನಿಗೆ ಅವರದೇ ಹೆಸರು). ಗಪ್ಪಿ ತಿನ್ನುವ ದೊಡ್ಡ ಮೀನುಗಳಿದ್ದ ಕಡೆಯಿಂದ 1976ರಲ್ಲಿ 200 ಗಪ್ಪಿಗಳನ್ನು ಅಪಾಯ ಕಡಿಮೆಯಿದ್ದ ತೊರೆಗೆ ಸಾಗಿಸಿದರು. ಎರಡೇ ವರ್ಷದಲ್ಲಿ ಗಂಡುಗಳ ಚುಕ್ಕೆಗಳು ಹೆಚ್ಚಿದವು. ಅದೇ ತೊರೆಯಲ್ಲಿ 11 ವರ್ಷದ ಬಳಿಕ ಜೀವವಿಜ್ಞಾನಿ ಡೇವಿಡ್ ರೆಜ್ನಿಕ್ ತಂಡ ನೋಡಿದಾಗ ಗಪ್ಪಿಗಳು ತಡವಾಗಿ, ದೊಡ್ಡದಾಗಿ ಬೆಳೆದ ಮೇಲೆ ಪ್ರಾಯಕ್ಕೆ ಬರುತ್ತಿದ್ದವು. ಅವರು ಅಲ್ಲಿಗೇ ನಿಲ್ಲಲಿಲ್ಲ: ಎರಡೂ ಕಡೆಯ ಮೀನುಗಳನ್ನು ಪ್ರಯೋಗಾಲಯದಲ್ಲಿ ಒಂದೇ ರೀತಿ ಸಾಕಿ, ಎರಡನೇ ತಲೆಮಾರಿನಲ್ಲೂ ವ್ಯತ್ಯಾಸ ಉಳಿಯಿತೇ ಎಂದು ನೋಡಿದರು. ಉಳಿದಿತ್ತು. ವಿಕಾಸವೆಂದರೆ ಒಂದು ಮೀನು ಬದಲಾಗುವುದೂ ಅಲ್ಲ, ಗಪ್ಪಿ ಬೇರೆ ಜಾತಿಯೇ ಆಗಬೇಕೆಂದೂ ಇಲ್ಲ. ಹುಟ್ಟಿನಿಂದ ಬರುವ ಗುಣಗಳ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಬದಲಾಗಬೇಕು, ಅಷ್ಟೇ.

ಇದನ್ನು ನಮ್ಮಲ್ಲೂ ಮಾಡಬಹುದು. ಒಂದೇ ಗುಂಪಿನ ಮೀನುಗಳನ್ನು ನಾಲ್ಕು ತೊಟ್ಟಿಗಳಿಗೆ ಹಂಚಿ, ಎರಡಕ್ಕೆ ಸೊಳ್ಳೆಪರದೆ ಬಿಗಿಯಿರಿ, ಎರಡನ್ನು ತೆರೆದಿಡಿ. ನೆರಳು ಎಲ್ಲಕ್ಕೂ ಸಮವಿರಲಿ. ಒಂದೊಂದೇ ತೊಟ್ಟಿಯಿದ್ದರೆ ಆಕಸ್ಮಿಕವೇ ಫಲಿತಾಂಶದಂತೆ ಕಾಣುತ್ತದೆ. ವರ್ಷ ಎರಡು ವರ್ಷದ ಮೇಲೆ ಪ್ರತಿ ತೊಟ್ಟಿಯಿಂದ 8–10 ಬಸುರಿ ಹೆಣ್ಣುಗಳನ್ನು ಒಳಗಿನ ಟ್ಯಾಂಕ್‌ಗಳಿಗೆ ತನ್ನಿ. ಎಲ್ಲ ಟ್ಯಾಂಕ್‌ಗೂ 25–26 ಡಿಗ್ರಿ, ಒಂದೇ ಆಹಾರ, ಒಂದೇ ಬೆಳಕು. ಮಲೆನಾಡಿನ ಬಾವಿ ನೀರು ಗಪ್ಪಿಗೆ ಮೆದುವಾಯಿತು (ಸುಣ್ಣದಂಶ ಕಡಿಮೆ); ಅಘನಾಶಿನಿ ನದಿಯ ಬೆಳಚಿನ (ಕಪ್ಪೆಚಿಪ್ಪಿನ) ಚಿಪ್ಪನ್ನು ತೊಳೆದು ಒಂದು ಹಿಡಿ ಫಿಲ್ಟರ್‌ನಲ್ಲಿಡಿ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಒಮ್ಮೆ ಕೂಡಿದ ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗಿಟ್ಟುಕೊಂಡು ಮರಿ ಹಾಕುತ್ತಲೇ ಇರುತ್ತದೆ. ಆದ್ದರಿಂದ ಮೂರು ನಾಲ್ಕು ವಾರಕ್ಕೇ ಗಂಡು, ಹೆಣ್ಣು ಮರಿಗಳನ್ನು ಬೇರ್ಪಡಿಸಬೇಕು. ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಗಂಡಿನ ಅಡಿರೆಕ್ಕೆ ಕಿರಿದಾಗಿ ಕಡ್ಡಿಯಂತಾಗತೊಡಗುತ್ತದೆ. ಬೆಳೆದ ಮೇಲೆ ಅವನ್ನು ಅದೇ ತೊಟ್ಟಿಯ ಬೇರೆ ತಾಯಿಯ ಮರಿಗಳೊಂದಿಗೆ ಕೂಡಿಸಿ, ಅವುಗಳಿಗೆ ಹುಟ್ಟಿದ ಗಂಡುಗಳ ಫೋಟೋವನ್ನು ನಾಲ್ಕು ತಿಂಗಳಿಗೆ ಅಳತೆಪಟ್ಟಿಯ ಪಕ್ಕ ತೆಗೆಯಿರಿ. ಮೊದಲ ತಲೆಮಾರಿನಲ್ಲೇ ಅಳೆದರೆ ತಾಯಿ ತೊಟ್ಟಿಯಲ್ಲಿ ತಿಂದದ್ದರ ಪ್ರಭಾವ ಮರಿಗಳಲ್ಲಿ ಉಳಿದಿರಬಹುದು. ಚುಕ್ಕೆ ಎಣಿಸುವವರಿಗೆ ಯಾವ ತೊಟ್ಟಿಯ ಮೀನೆಂದು ಹೇಳಬೇಡಿ.

ತೆರೆದ ತೊಟ್ಟಿಯ ಮೊಮ್ಮಕ್ಕಳಷ್ಟೇ ಬೂದಾಗಿದ್ದರೆ ಮಿಂಚುಳ್ಳಿ, ಹಾವುಗಳ ಆಯ್ಕೆ ಎನ್ನಲು ಆಧಾರ ಸಿಕ್ಕಿತು. ಪರದೆಯೊಳಗಿನವೂ ಅಷ್ಟೇ ಮಾಸಿದ್ದರೆ ತಳಿ ಬೆರೆತದ್ದೇ ಮುಖ್ಯ. ಎಲ್ಲಕ್ಕೂ ಬಣ್ಣ ಮರಳಿದರೆ ಕೊರತೆಯಿದ್ದದ್ದು ಆಹಾರದಲ್ಲಿ.

ಪ್ರಯೋಗಕ್ಕೆಂದು ಗಪ್ಪಿಯನ್ನು ಹಳ್ಳಕ್ಕೆ ಬಿಡುವ ಮಾತೂ ಕೇಳಿಬರುತ್ತಿದೆ. ದಯವಿಟ್ಟು ಬೇಡ. ಒಂದೇ ಬಸುರಿ ಹೆಣ್ಣು ಹೊಸ ಸಂಸಾರ ಹೂಡಬಲ್ಲದು, ಚೌಳು ನೀರೂ ಅದಕ್ಕೆ ಆದೀತು. ತೊಟ್ಟಿ ತೊಳೆದ ನೀರನ್ನೂ ಬಟ್ಟೆಯಲ್ಲಿ ಸೋಸಿ ಗಿಡದ ಬುಡಕ್ಕೆ ಹಾಕಿ. ಆಗಷ್ಟೇ ಹುಟ್ಟಿದ ಮರಿ ಆರೇಳು ಮಿಲಿಮೀಟರ್. ಕಾಲುವೆಗೆ ಹರಿದು ಹೋದದ್ದು ಕಣ್ಣಿಗೆ ಬೀಳುವುದಿಲ್ಲ.

– ಅಕ್ವೇರಿಯಂ ಆಸಕ್ತರು, ಶಿರಸಿ