ಬೆಕ್ಕಿನ ಮನೆಗೆ ಬಂದ ರಾಗಿ

ಸರಸ್ವತೀಪುರಂ, ಮೈಸೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು, ಪುಣೆಯಲ್ಲಿ ಅಂಗಳವಿರುವ ಮನೆ ಸಿಕ್ಕಿದೆ, ಮುಂದಿನ ತಿಂಗಳು ಬಂದು ರಾಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದೆಯಲ್ಲ, ಆಗ ನಾನು ಹಾಲು ಉಕ್ಕುತ್ತಿದೆ ಎಂದು ಫೋನಿಟ್ಟೆ. ಹಾಲು ಒಲೆಯ ಮೇಲೆ ಇರಲೇ ಇಲ್ಲ. ನಿಮ್ಮಪ್ಪ ಎದುರಿಗೇ ಕುಳಿತು, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, ಕಿವಿಯನ್ನು ಇತ್ತ ಕೊಟ್ಟಿದ್ದರು. ಹಾಗಾಗಿ ಪತ್ರ.

ನಮ್ಮದು ಬೆಕ್ಕಿನ ಮನೆತನ ಎಂಬುದು ನಿನಗೆ ಗೊತ್ತೇ ಇದೆ. ಮದ್ದೂರಿನ ಕಡೆಯ ನನ್ನ ತವರಿನಲ್ಲಿ ಭತ್ತದ ಮೂಟೆಗಳಿದ್ದವು, ಮೂಟೆಗಳಿಗೆ ಇಲಿಗಳಿದ್ದವು, ಇಲಿಗಳಿಗಾಗಿ ಬೆಕ್ಕುಗಳಿದ್ದವು. ಮದುವೆಯಾಗಿ ಬಂದರೆ ಇಲ್ಲೂ ಜಗಲಿಯ ಮೇಲೊಂದು ಬೆಕ್ಕು. ಜಾತಕದಲ್ಲಿ ಏನೇನು ಕೂಡಿತ್ತೋ ಕಾಣೆ, ಅದೊಂದು ಕೂಡಿತ್ತು. ನಾಯಿ ಎಂದರೆ ನಮಗೆ ಗೇಟಿನಾಚೆಯ ಪ್ರಾಣಿ. ಎಂಟು ತಿಂಗಳ ಮಟ್ಟಿಗೆ ಎಂದು ನೀನು ಇದನ್ನು ಬಿಟ್ಟುಹೋದ ದಿನ ನಿಮ್ಮಪ್ಪ, 'ಒಂದು ಮೂಲೆಯಲ್ಲಿ ಬಿದ್ದಿರುತ್ತದೆ ಬಿಡು' ಎಂದು ನನಗೆ ಸಮಾಧಾನ ಹೇಳಿದ್ದರು. ಬೆಕ್ಕು ಸಾಕಿದವರು ಮಾತ್ರ ಹೀಗೆ ಹೇಳಬಲ್ಲರು.

ಮೊದಲ ವಾರವೆಲ್ಲ ನಾನು ಅದನ್ನು ತಪ್ಪಾಗಿಯೇ ಓದಿದೆ. ಬೆಕ್ಕು ಬಾಲ ಬಡಿಯಿತೆಂದರೆ ರೇಗಿದೆ, ಕೈ ಹಿಂದಕ್ಕೆ ತೆಗೆದುಕೋ ಎಂದು ಅರ್ಥ. ಐವತ್ತು ವರ್ಷ ಇದೇ ಪಾಠ. ಇದು ನನ್ನನ್ನು ಕಂಡಾಗಲೆಲ್ಲ ಬಾಲ ಬಡಿಯುತ್ತಿತ್ತು, ನಾನು ಹಿಂದೆ ಸರಿಯುತ್ತಿದ್ದೆ. ಪಾಪ, ಅದು ಇನ್ನೂ ಜೋರಾಗಿ ಬಡಿಯುತ್ತಿತ್ತು. ಹೊಟ್ಟೆ ಮೇಲೆ ಮಾಡಿ ಮಲಗಿದಾಗಲೂ ಅಷ್ಟೇ. ನಮ್ಮ ಪದ್ದಮ್ಮ ಹೊಟ್ಟೆ ತೋರಿಸುವುದು ಮುಟ್ಟಿ ನೋಡು ಎಂದು ಸವಾಲು ಹಾಕುವುದಕ್ಕೆ. ಮುಟ್ಟಿದರೆ ನಾಲ್ಕೂ ಕಾಲಿನ ಉಗುರು ಕೈಯಲ್ಲಿರುತ್ತದೆ. ರಾಗಿ ತೋರಿಸುತ್ತಿದ್ದುದು ಕೆರೆಯಲಿ ಎಂದು. ಹತ್ತು ದಿನ ಹೊಟ್ಟೆ ಮೇಲೆ ಮಾಡಿಕೊಂಡು ಕಾದ. ನೋಡು, 'ಅದು' ಎಂದು ಶುರುಮಾಡಿದವಳು 'ಕಾದ' ಎಂದು ಬರೆದುಬಿಟ್ಟೆ. ಇರಲಿ, ಹೊಡೆದುಹಾಕುವುದಿಲ್ಲ.

ಇನ್ನು ಬೆಳಗಿನ ವಿಚಾರ. ಹಿತ್ತಿಲ ಬಾಗಿಲು ತೆಗೆದರೆ ಆಯಿತು, ಬೆಕ್ಕಿನ ಹಾಗೆ ಹೋಗಿ, ಮಣ್ಣು ಕೆರೆದು, ಮುಚ್ಚಿ ಬರುತ್ತದೆ ಎಂದುಕೊಂಡಿದ್ದೆ. ಬಾಗಿಲು ತೆಗೆದೆ. ರಾಗಿ ನನ್ನ ಜೊತೆ ಹಿತ್ತಿಲಿಗೆ ಬಂದು, ಕರಿಬೇವಿನ ಗಿಡದ ಪಕ್ಕ ಕುಳಿತು, ಮುಂದೇನು ಎಂಬಂತೆ ನನ್ನ ಮುಖ ನೋಡಿದ. ನಾನೂ ಅವನ ಮುಖ ನೋಡಿದೆ. ಅರ್ಧ ಗಂಟೆ ಹೀಗೇ ಕಳೆಯಿತು. ಕೊನೆಗೆ ನಿಮ್ಮಪ್ಪ ಪಂಚೆಯ ಮೇಲೊಂದು ಸ್ವೆಟರ್ ಹಾಕಿಕೊಂಡು, ಬೆಲ್ಟು ಹಿಡಿದು ಬೀದಿಗೆ ಇಳಿದರು. ಅಂದಿನಿಂದ ದಿನಾ ಐದೂವರೆಗೆ ಒಂದು ಸುತ್ತು, ಸಂಜೆ ಇನ್ನೊಂದು, ಎರಡಕ್ಕೂ ನಾನೂ ಸೇರಿ.

ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ನಮ್ಮ ರಸ್ತೆಯ ಕೊನೆಯಲ್ಲಿ ಹೊಂಗೆಮರ ಇರುವುದನ್ನು ನಾನು ಸರಿಯಾಗಿ ನೋಡಿದ್ದು ಈ ಆರು ತಿಂಗಳಲ್ಲಿ. ಬೆಕ್ಕು ಮನುಷ್ಯರನ್ನು ಮನೆಯೊಳಗೆ ಕೂರಿಸುತ್ತದೆ. ತೊಡೆಯ ಮೇಲೆ ಮಲಗಿದರೆ ಏಳುವ ಹಾಗಿಲ್ಲ. ಗಂಟೆ ಬಡಿದರೂ ಬಾಗಿಲು ತೆಗೆಯದೆ ಎಷ್ಟು ಸಲ ಕುಳಿತಿಲ್ಲ ನಾವು! ರಾಗಿಗೆ ಪ್ರತಿ ಲೈಟುಕಂಬದ ಹತ್ತಿರವೂ ಕೆಲಸವಿದೆ. ಅವನು ಮೂಸುವಷ್ಟು ಹೊತ್ತು ನಾವು ಯಾರದೋ ಗೇಟಿನ ಮುಂದೆ ಸುಮ್ಮನೆ ನಿಂತಿರಬೇಕಲ್ಲ, ಒಳಗಿನವರು ಹೊರಗೆ ಬರುತ್ತಾರೆ. ನಂದಿನಿ ಬೂತಿನವರ ಮಂಡಿನೋವು, ಎದುರು ಕ್ರಾಸಿನ ಅಜ್ಜಿಯ ಮೊಮ್ಮಗನ ಸೀಟಿನ ವಿಚಾರ ಎಲ್ಲವೂ ನಿಮ್ಮಪ್ಪನಿಗೆ ಗೊತ್ತು ಈಗ. ಅವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಮೂವತ್ತೈದು ವರ್ಷ ಕಚೇರಿಯಲ್ಲಿ 'ಸಾರ್' ಆಗಿದ್ದವರನ್ನು ಇಲ್ಲಿ 'ರಾಗಿ ಅಂಕಲ್' ಎನ್ನುತ್ತಾರೆ. ಮೂರನೆಯ ಕ್ರಾಸಿನ ಬೀದಿನಾಯಿಗಳು ಮೂರು ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ. ಅವುಗಳಿಗಾಗಿ ನಿಮ್ಮಪ್ಪ ತಾತನ ಊರುಗೋಲು ಹಿಡಿದುಹೋಗುತ್ತಾರೆ. ಬೀಸಿದ್ದನ್ನು ನಾನು ಕಂಡಿಲ್ಲ.

ನಡುವೆ ಒಂದು ಅವಘಡವೂ ಆಯಿತು. ನಿನಗೆ ಹೇಳಿರಲಿಲ್ಲ. ಗೌರಿಹಬ್ಬಕ್ಕೆ ತಂದ ಅರ್ಧ ಕಿಲೋ ಮೈಸೂರು ಪಾಕನ್ನು ಯಾವಾಗಿನಂತೆ ಊಟದ ಮೇಜಿನ ಮೇಲೆ ಇಟ್ಟು ಪಕ್ಕದ ಮನೆಗೆ ಕುಂಕುಮಕ್ಕೆ ಹೋಗಿದ್ದೆ. ಬಂದು ನೋಡಿದರೆ ಡಬ್ಬಿ ಸೋಫಾದ ಕೆಳಗೆ, ರಾಗಿ ಅದರ ಪಕ್ಕ. ರಾತ್ರಿಯೆಲ್ಲ ವಾಂತಿ. ಪಶುವೈದ್ಯರು ಚೆನ್ನಾಗಿಯೇ ಬೈದರು. ಅಷ್ಟು ತುಪ್ಪ ಒಮ್ಮೆಗೇ ಹೊಟ್ಟೆಗೆ ಹೋದರೆ ನಾಯಿಗೆ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳಬಹುದಂತೆ. ಪಾಯಸದ ದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ, ಹುಳಿಯೊಳಗಿನ ಈರುಳ್ಳಿ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ ಎಂದರು. ಬೆಕ್ಕಿಗೂ ಈರುಳ್ಳಿ ಆಗದಂತೆ, ಕೇಳಿದೆಯಾ? ನಾನು ಎಂದೂ ಯೋಚಿಸಿರಲಿಲ್ಲ, ಪದ್ದಮ್ಮ ನಮ್ಮ ಹುಳಿಯನ್ನು ಮೂಸಿಯೂ ನೋಡಿದವಳಲ್ಲ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ ಎಂಬುದನ್ನೂ ಅವರೇ ಹೇಳಿದರು. ಹಬ್ಬದ ತಿಂಡಿಯನ್ನು ಮೇಜಿನ ಮೇಲೆ ತೆರೆದಿಟ್ಟು ಇಷ್ಟು ವರ್ಷ ಬದುಕಿದ್ದು ನಮ್ಮ ಬೆಕ್ಕುಗಳ ಸಂಯಮದಿಂದ ಎಂದುಕೊಂಡಿದ್ದೆ!

ಜಂಬೂಸವಾರಿಯ ದಿನದ ಸಂಗತಿಯನ್ನು ವಿವರವಾಗಿಯೇ ಬರೆಯಬೇಕು. ಟಿವಿಯ ಮುಂದೆ ಕುಳಿತಿದ್ದೆವು. ಅಂಬಾರಿಗೆ ಪುಷ್ಪಾರ್ಚನೆ ಆಗಿ, ಕುಶಾಲತೋಪು ಶುರುವಾಯಿತು. ಟಿವಿಯಲ್ಲೊಮ್ಮೆ, ಗಾಳಿಯಲ್ಲೊಮ್ಮೆ. ಎರಡನೆಯ ಸುತ್ತಿಗೆ ರಾಗಿ ಕಾಣಿಸಲಿಲ್ಲ. ಹುಡುಕಿದರೆ ಬಚ್ಚಲಮನೆಯಲ್ಲಿ, ಹಂಡೆಯ ಹಿಂದಿನ ಸಂದಿಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದ. ಬಾಯಿ ತೆರೆದಿತ್ತು, ಜೊಲ್ಲು ನೆಲಕ್ಕೆ ಇಳಿಯುತ್ತಿತ್ತು, ಹಿಂಗಾಲು ಹೊಲಿಗೆ ಮೆಷಿನ್ನಿನ ಹಾಗೆ ನಡುಗುತ್ತಿತ್ತು. ನಿಮ್ಮಪ್ಪ ಒದ್ದೆ ನೆಲದಲ್ಲೇ ಕುಳಿತು, ಏನೂ ಮಾತಾಡದೆ ಅವನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಇಪ್ಪತ್ತೊಂದು ತೋಪನ್ನೂ ಎಣಿಸಿದರು. ಆಮೇಲೆ ಟವೆಲ್ ತೆಗೆದುಕೊಳ್ಳುತ್ತ ನನ್ನ ಮೇಲೆ ರೇಗಿದರು: 'ಆನೆಗಳಿಗೆ, ಕುದುರೆಗಳಿಗೆ ದಸರೆಗೆ ಮುಂಚೆಯೇ ಫಿರಂಗಿ ತಾಲೀಮು ಮಾಡಿಸಿ ಅಭ್ಯಾಸ ಮಾಡಿಸುತ್ತಾರೆ. ನಮ್ಮ ತಲೆಗೇಕೆ ಹೊಳೆಯಲಿಲ್ಲ?' ಮಾರನೆಯ ದಿನದಿಂದಲೇ ತಾಲೀಮು. ಮೊಬೈಲಿನಲ್ಲಿ ಪಟಾಕಿಯ ಸದ್ದು, ಮೊದಲು ಕೇಳಿಯೂ ಕೇಳದಷ್ಟು ಸಣ್ಣಗೆ. ಸದ್ದಿನ ಜೊತೆಗೆ ಒಂದು ಚೂರು ಬೇಯಿಸಿದ ಕೋಳಿ. ಸಸ್ಯಾಹಾರಿಗಳ ಅಡುಗೆಮನೆಯಲ್ಲಿ ಕೋಳಿ ಎಲ್ಲಿಂದ ಬಂತು ಎಂದು ಕೇಳಬೇಡ, ನಾನೂ ಕೇಳಲಿಲ್ಲ. ದಿನದಿನಕ್ಕೆ ಸದ್ದು ಸ್ವಲ್ಪ ಸ್ವಲ್ಪ ಏರಿಸಿದರು. ದೀಪಾವಳಿಯಲ್ಲಿ ರಾಗಿ ಹೆದರಿದ, ಸುಳ್ಳು ಹೇಳುವುದಿಲ್ಲ. ಆದರೆ ಹಂಡೆಯ ಹಿಂದೆ ಹೋಗಲಿಲ್ಲ, ನಮ್ಮ ಮಂಚದ ಕೆಳಗೆ ಬಂದ.

ನಿನಗೆ ನೆನಪಿರಬೇಕು, ನಾನು ಶಾಲೆಯಲ್ಲಿ ಆತಕೂರಿನ ಶಾಸನದ ಪಾಠ ಮಾಡುತ್ತಿದ್ದೆ. ನಮ್ಮ ತವರಿನ ಸೀಮೆಯದೇ. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನಿಗೆ, ಬೇಕಾದುದನ್ನು ಕೇಳು ಎಂದು ರಾಷ್ಟ್ರಕೂಟರ ಮೂರನೆಯ ಕೃಷ್ಣ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿ, ನಾಯಿ ಎರಡೂ ಒಟ್ಟಿಗೆ ಸತ್ತವು. ಮಣಲೇರ ಗುಡಿಯ ಮುಂದೆ ಅದಕ್ಕೊಂದು ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟ. ಕ್ರಿ.ಶ. 949–50ರ ಮಾತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಸವಿ, ರಾಜರ ಹೆಸರು, ಎರಡು ಅಂಕದ ಪ್ರಶ್ನೆ ಎಲ್ಲವನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ದೊರೆಯೇ ಕೇಳು ಎಂದಾಗ ಒಂದು ಊರನ್ನಾದರೂ ಕೇಳಬಾರದಿತ್ತೇ ಈ ದಡ್ಡ ಎಂದು ನನಗೆ ಪ್ರತಿ ವರ್ಷವೂ ಅನಿಸುತ್ತಿತ್ತು. ಈಗ ಪಾಠ ಮಾಡಲು ನಿವೃತ್ತಿಯಾಗಿದೆ.

ಪದ್ದಮ್ಮನನ್ನು ವಿಚಾರಿಸಿದ್ದೆಯಲ್ಲ, ಆರಾಮವಾಗಿದ್ದಾಳೆ. ಮೊದಲ ತಿಂಗಳು ಫ್ರಿಜ್ಜಿನ ಮೇಲಿಂದ ಇಳಿಯಲಿಲ್ಲ. ಆಮೇಲೊಂದು ದಿನ ಇಳಿದು ಬಂದು ರಾಗಿಯ ಮೂಗಿಗೆ ಒಂದು ಕೊಟ್ಟು, ಅವನ ಚಾಪೆಯ ಮೇಲೆ ಮಲಗಿದಳು. ಅಲ್ಲಿಗೆ ಇತ್ಯರ್ಥವಾಯಿತು. ರಾಗಿ ಬರಿ ನೆಲದಲ್ಲಿ ಮಲಗುತ್ತಾನೆ. ನಾನು ಹಿತ್ತಿಲಿಗೆ ಹೋಗಿ ನಾಲ್ಕೆಸಳು ಕರಿಬೇವು ಕಿತ್ತು ತಂದರೆ ಅವನು ಕಾಶಿಗೆ ಹೋಗಿಬಂದವಳ ಹಾಗೆ ಎದುರುಗೊಳ್ಳುತ್ತಾನೆ; ಅವಳು ಒಂದು ಕಣ್ಣು ತೆರೆದು ಮುಚ್ಚುತ್ತಾಳೆ. ನನಗೆ ಈಗಲೂ ಅವಳ ರೀತಿಯೇ ಹೆಚ್ಚು ಅರ್ಥವಾಗುವುದು. ಆದರೆ ಕರಿಬೇವು ತರಲು ಮೊದಲಿಗಿಂತ ಹೆಚ್ಚು ಸಲ ಹೋಗುತ್ತಿದ್ದೇನೆ.

ರಾಗಿ ನಿನ್ನವನು. ನೀನು ಕರೆದರೆ ತಿರುಗಿಯೂ ನೋಡದೆ ಹೊರಡುತ್ತಾನೆ, ಅದರಲ್ಲಿ ಅನುಮಾನವಿಲ್ಲ. ನಾನು ಬೇಡ ಎನ್ನುವುದಿಲ್ಲ. ನಿಮ್ಮಪ್ಪನಿಗೆ ಹೇಳುವ ಕೆಲಸ ಮಾತ್ರ ನೀನೇ ಮಾಡು, ನನ್ನಿಂದ ಆಗದು. ಈಗ ಇದನ್ನು ಬರೆಯುವಾಗಲೂ ವರಾಂಡದಲ್ಲಿ ಕುಳಿತು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಅವನ ಕಿವಿಯೊಳಗಿನ ಉಣ್ಣೆಗಳನ್ನು ಒಂದೊಂದಾಗಿ ಚಿಮುಟದಿಂದ ಕಿತ್ತು ಸೋಪಿನ ನೀರಿನ ಬಟ್ಟಲಿಗೆ ಹಾಕುತ್ತಿದ್ದಾರೆ. ಹೋದ ವಾರ ಹೊಸ ಬೆಲ್ಟು ತಂದಿದ್ದಾರೆ, ಎರಡು ವರ್ಷ ಬಾಳಿಕೆ ಬರುವಂಥದ್ದಂತೆ.

ರಾತ್ರಿ ರೈಲಿಗೆ ಬಂದು ಬೆಳಿಗ್ಗೆ ಇಳಿಯುವುದಾದರೆ ಆರು ಗಂಟೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಬೀಗದ ಕೈ ತುಳಸಿಕಟ್ಟೆಯ ಹಿಂದಿದೆ. ಪದ್ದಮ್ಮ ಒಳಗಿರುತ್ತಾಳೆ, ಏಳುವುದಿಲ್ಲ.

ನಿನ್ನ
ಅಮ್ಮ